ಕೈ ಕಟ್ಟಿಹಾಕಿದ ಮೂರು ವರ್ಷ

ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ, ಸ್ವರ ಜೋಡಿಸುವವರಿಗೆ ಒಮ್ಮೊಮ್ಮೆ ಯಾರೋ ಕೈ ಕಟ್ಟಿಹಾಕಿದಂತಾಗುವುದುಂಟು. ಕೆಲವರಿಗದು ಒಂದು ವಾರ, ಒಂದು ತಿಂಗಳು. ರಷ್ಯಾದ ಸಂಗೀತಕಾರ ಸೆರ್ಗೈ ರಾಖ್ಮನಿನಾಫ್‌ನನ್ನು ಅದು ಸುಮಾರು ಮೂರು ವರ್ಷ ಕಾಡಿತು.

1897ರ ಮಾರ್ಚ್. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆತನ ಮೊದಲ ಸಿಂಫನಿಯ ಮೊದಲ ಪ್ರಯೋಗ. ವಯಸ್ಸು 23. ವಾದ್ಯವೃಂದಕ್ಕೆ ತಾಲೀಮು ಸಾಲದಾಗಿತ್ತು. ನಿರ್ದೇಶಿಸಿದ ಗ್ಲಾಜುನಾಫ್ ಅಂದು ಕುಡಿದಿದ್ದರೆಂದು ರಾಖ್ಮನಿನಾಫ್‌ನ ಪತ್ನಿ ಮುಂದೆ ಹೇಳಿದ್ದಾರೆ. ಅದು ನಿಜವೋ ಅಲ್ಲವೋ, ಕೃತಿಯಂತೂ ನೆಲಕಚ್ಚಿತು. ನರಕದಲ್ಲೊಂದು ಸಂಗೀತ ಶಾಲೆಯಿದ್ದರೆ ಅಲ್ಲಿನವರಿಗೆ ಇದು ಬಹಳ ಹಿಡಿಸೀತು ಎಂಬರ್ಥದಲ್ಲಿ ಹಿರಿಯ ವಿಮರ್ಶಕ ಸೀಜರ್ ಕ್ಯೂಯಿ ಬರೆದರು.

ತ್ಯಾಗರಾಜರ ಕೀರ್ತನೆಯನ್ನು ಯಾರಾದರೂ ಕೆಡಿಸಿದರೆ ನಾವು ಹಾಡಿದವರನ್ನು ಬೈಯುತ್ತೇವೆ, ತ್ಯಾಗರಾಜರನ್ನಲ್ಲ. ಯಾರೂ ಕೇಳಿರದ ಹೊಸ ಕೃತಿಗೆ ಆ ರಕ್ಷಣೆ ಎಲ್ಲಿಯದು?

ಆಮೇಲೆ ರಾಖ್ಮನಿನಾಫ್ ಸುಮ್ಮನೆ ಕುಳಿತನೆಂದಲ್ಲ. ಮಾಸ್ಕೋದ ಮಾಮಂತಾಫ್ ಖಾಸಗಿ ಒಪೆರಾದಲ್ಲಿ ನಿರ್ದೇಶಕನಾದ. 1899ರಲ್ಲಿ ಲಂಡನ್‌ಗೆ ಹೋಗಿ ಬಂದ. ಅಲ್ಲಿನವರಿಗೆ ಹೊಸದೊಂದು ಪಿಯಾನೊ ಕನ್ಸರ್ಟೊ, ಅಂದರೆ ಪಿಯಾನೊ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿ, ಬರೆದುಕೊಡುವ ಮಾತನ್ನೂ ಕೊಟ್ಟ. ಆದರೆ ಬರೆಯಲು ಕುಳಿತರೆ ಕೈ ಓಡದು. ಧೈರ್ಯ ತುಂಬಲೆಂದು ಬಂಧುಮಿತ್ರರು ಟಾಲ್‌ಸ್ಟಾಯ್ ಬಳಿಗೆ ಕಳಿಸಿದರು. ಆ ಭೇಟಿಯಿಂದ ಆತ ಇನ್ನಷ್ಟು ಕುಗ್ಗಿದನೇ ಹೊರತು ಚೇತರಿಸಲಿಲ್ಲ. ದೊಡ್ಡವರ ಸಾಂತ್ವನ ಎಲ್ಲ ವೇಳೆಯಲ್ಲೂ ಔಷಧವಲ್ಲವಷ್ಟೆ.

1900ರ ಆರಂಭದಲ್ಲಿ ಆತ ಮಾಸ್ಕೋದ ವೈದ್ಯ ನಿಕೊಲಾಯ್ ಡಾಲ್ ಬಳಿ ಹೋದ. ಡಾಲ್ ಸಂಮೋಹನ ಚಿಕಿತ್ಸೆ ಬಲ್ಲವರು, ಸ್ವತಃ ಹವ್ಯಾಸಿ ಸಂಗೀತಗಾರರು. ಮೂರು ತಿಂಗಳಿಗೂ ಹೆಚ್ಚು ಕಾಲ, ದಿನಾ, ಅರೆನಿದ್ದೆಯಲ್ಲಿ ಕುಳಿತ ರೋಗಿಗೆ ಅವರು ಹೇಳುತ್ತಿದ್ದುದು ಒಂದೇ: ನೀನು ಕನ್ಸರ್ಟೊ ಬರೆಯುವೆ, ಸರಾಗವಾಗಿ ಬರೆಯುವೆ, ಅದು ಚೆನ್ನಾಗಿ ಬರುವುದು. ಗುಣ ಕಂಡದ್ದು ಸಂಮೋಹನದಿಂದಲೋ, ಕೂತು ಕೇಳುವ ಸಂಗೀತಪ್ರೇಮಿಯೊಬ್ಬ ಸಿಕ್ಕಿದ್ದರಿಂದಲೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಎರಡನೆಯದರ ಪಾಲು ಸಣ್ಣದಲ್ಲವೆಂದು ನಮಗನಿಸುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆತ ಕನ್ಸರ್ಟೊವನ್ನು ಮೊದಲಿನಿಂದ ಬರೆಯಲಿಲ್ಲ. ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಮೊದಲು ಮುಗಿಸಿದ. 1900ರ ಡಿಸೆಂಬರ್‌ನಲ್ಲಿ ಅವೆರಡನ್ನೇ ನುಡಿಸಿ, ಜನ ಮೆಚ್ಚಿದ ಮೇಲೆ ಆರಂಭದ ಭಾಗಕ್ಕೆ ಕೈಹಾಕಿದ. 1901ರ ನವೆಂಬರ್‌ನಲ್ಲಿ ಪೂರ್ಣ ಕೃತಿ ಮಾಸ್ಕೋದಲ್ಲಿ ಕೇಳಿಬಂತು. ಪಿಯಾನೊದಲ್ಲಿ ಸ್ವತಃ ಆತನೇ. ಅರ್ಪಣೆ ಡಾ. ಡಾಲ್‌ಗೆ.

ಆ ನತದೃಷ್ಟ ಸಿಂಫನಿಯನ್ನು ಮಾತ್ರ ಆತ ಬದುಕಿರುವವರೆಗೆ ಯಾರೂ ಮತ್ತೆ ನುಡಿಸಲಿಲ್ಲ. ರಾಖ್ಮನಿನಾಫ್ ಅಮೆರಿಕದಲ್ಲಿ ತೀರಿಕೊಂಡದ್ದು 1943ರಲ್ಲಿ. ಆನಂತರ ಲೆನಿನ್‌ಗ್ರಾಡ್‌ನಲ್ಲಿ ಹಳೆಯ ವಾದಕರ ಪ್ರತಿಗಳು ಸಿಕ್ಕವು. 1945ರಲ್ಲಿ ಮಾಸ್ಕೋದ ಶ್ರೋತೃಗಳು ಅದನ್ನು ಕೇಳಿ ಮೆಚ್ಚಿದರು.