ಚೆನ್ನೈ ಕಿರುತೆರೆಯಲ್ಲಿ ಬದಲಿ ನಟರು: ಒಂದು ಚಾರಿತ್ರಿಕ ಅವಲೋಕನ

ತಮಿಳು ಧಾರಾವಾಹಿ ನೋಡುವವರಿಗೆ ‘ಇವರಿಗೆ ಬದಲು ಇವರು’ ಎಂಬ ಒಕ್ಕಣೆ ಚಿರಪರಿಚಿತ. ತೆರೆಯ ಮೇಲೆ ಅದು ಮೂಡಿ ಮರೆಯಾದ ಮರುಕ್ಷಣವೇ ಹೊಸ ಮುಖದ ಗಂಡ ಹಳೆಯ ಹೆಂಡತಿಯನ್ನು ಕಾಫಿ ಕೇಳುತ್ತಾನೆ. ಇದನ್ನು ತಮಾಷೆಯಾಗಿ ಕಂಡು ಸುಮ್ಮನಾಗುವುದೇ ರೂಢಿ. ಆದರೆ ಮುಖ್ಯ ನಟನನ್ನು ಕಳೆದುಕೊಂಡೂ ಕೆಲವು ಧಾರಾವಾಹಿಗಳು ಚೇತರಿಸಿಕೊಳ್ಳುತ್ತವೆ, ಕೆಲವು ಸೊರಗುತ್ತವೆ. ಈ ವ್ಯತ್ಯಾಸದ ಕಾರಣವನ್ನು ಚೆನ್ನೈನ ಉದಾಹರಣೆಗಳಲ್ಲೇ ಹುಡುಕಬಹುದು.

ನಟರು ಬದಲಾದರೂ ಪಾತ್ರವನ್ನು ಒಪ್ಪುವ ರೂಢಿಯ ಬೇರು ಚೆನ್ನೈನ ಸಭಾಗಳ (ಸಾಂಸ್ಕೃತಿಕ ಸಂಘಗಳ) ನಾಟಕಗಳಲ್ಲಿದೆ. ರಂಗನಟ ಎಸ್.ವಿ. ಶೇಖರ್ ಅವರಿಗಾಗಿ 1976ರಲ್ಲಿ ‘ಕ್ರೇಜಿ ಥೀವ್ಸ್ ಇನ್ ಪಾಲವಾಕ್ಕಂ’ ಬರೆದ ಕ್ರೇಜಿ ಮೋಹನ್, 1979ರಲ್ಲಿ ಸ್ವಂತ ತಂಡ ಕಟ್ಟಿದರು. ಅವರ ನಾಟಕಗಳಲ್ಲಿ ನಾಯಕ ಮಾದು, ನಾಯಕಿ ಜಾನಕಿ. ಕಥೆ ಬೇರೆಯಾದರೂ ಹೆಸರು ಅವೇ. ಮಾದುವಿನ ಪಾತ್ರ ತಮ್ಮ ಬಾಲಾಜಿಗೇ ಮೀಸಲಾಗಿತ್ತು. ಜಾನಕಿಯನ್ನು ಯಾರೇ ಆಡಲಿ, ಆಕೆ ಜಾನಕಿಯೇ. ಪಾತ್ರ ಬೇರೆ, ನಟಿ ಬೇರೆ ಎಂಬ ತಿಳಿವಳಿಕೆ ಕಿರುತೆರೆ ಬರುವ ಮೊದಲೇ ಈ ಪ್ರೇಕ್ಷಕರಿಗೆ ಅಭ್ಯಾಸವಾಗಿತ್ತು.

ಕೆ. ಬಾಲಚಂದರ್ ಅವರ ಸಂಸ್ಥೆ ನಿರ್ಮಿಸಿ, ನಾಗಾ ನಿರ್ದೇಶಿಸಿದ ಹಾಸ್ಯಮಾಲೆ ‘ರಮಣಿ ವರ್ಸಸ್ ರಮಣಿ’ (1998) ಈ ಅಭ್ಯಾಸದ ಫಲವನ್ನುಂಡಿತು. ಗಂಡನ ಹೆಸರೂ ಹೆಂಡತಿಯ ಹೆಸರೂ ರಮಣಿ. ಮೊದಲ ಭಾಗದಲ್ಲಿ ರಾಮ್‌ಜಿ, ವಾಸುಕಿ ಆನಂದ್ ಜೋಡಿಯಿದ್ದರೆ ಎರಡನೆಯದರಲ್ಲಿ ಪೃಥ್ವಿರಾಜ್, ದೇವದರ್ಶಿನಿ. ಇಬ್ಬರು ಮುಖ್ಯ ನಟರೂ ಒಟ್ಟಿಗೆ ಬದಲಾದರೂ ಧಾರಾವಾಹಿ ಕದಲಲಿಲ್ಲ. ಅದರ ನಿಜವಾದ ನಾಯಕ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಅವರ ಜಗಳ.

ಸ್ಟಾರ್ ವಿಜಯ್‌ನ ‘ಸರವಣನ್ ಮೀನಾಕ್ಷಿ’ (2011) ಹಾಸ್ಯಮಾಲೆಯಲ್ಲ, ಆದರೂ ಲೆಕ್ಕ ಅದೇ. ಅದರ ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ಮೀನಾಕ್ಷಿಯಾಗಿ ನಿಂತವರು ನಮ್ಮ ರಚಿತಾ ಮಹಾಲಕ್ಷ್ಮಿ. ಸರವಣನ್ ಮಾತ್ರ ಕವಿನ್‌ನಿಂದ ರಿಯೊ ರಾಜ್‌ವರೆಗೆ ಕೈ ಬದಲಾಯಿಸಿದ.

ನಿಜವಾದ ಪರೀಕ್ಷೆ ಬಂದದ್ದು ‘ಎದಿರ್‌ನೀಚ್ಚಲ್’ನಲ್ಲಿ. ಸನ್ ಟಿವಿಯಲ್ಲಿ 2022ರ ಫೆಬ್ರವರಿಯಲ್ಲಿ ಆರಂಭವಾದ, ತಿರುಸೆಲ್ವಂ ನಿರ್ದೇಶನದ ಈ ಕಥೆ ಉದಯ ಟಿವಿಯಲ್ಲಿ ‘ಜನನಿ’ಯಾಗಿ ಕನ್ನಡಕ್ಕೂ ಬಂದಿತ್ತು. ಸೊಸೆಯಂದಿರನ್ನು ಅಡುಗೆಮನೆಯಲ್ಲೇ ಕಟ್ಟಿಹಾಕಲು ಹೆಣಗುವ ಹಿರಿಯಣ್ಣ ಆದಿ ಗುಣಶೇಖರನ್ ಕಾಗದದ ಮೇಲೆ ಖಳ. ನಟ ಜಿ. ಮಾರಿಮುತ್ತು ಅವನನ್ನು ನಗೆಯ ಮೂಲವಾಗಿಸಿದರು. ‘ಇಂದಾಮ್ಮಾ ಏಯ್’ ಎಂಬ ಗದರಿಕೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅವನ ಅಹಂಕಾರದಲ್ಲಿ ಒಂದು ಪೆದ್ದುತನ, ಆ ಪೆದ್ದುತನದಲ್ಲಿ ನಾವು ಕಂಡ ಯಾವುದೋ ದೊಡ್ಡಪ್ಪನ ಛಾಯೆ. 2023ರ ಸೆಪ್ಟೆಂಬರ್ 8ರಂದು ಇದೇ ಧಾರಾವಾಹಿಗೆ ಡಬ್ಬಿಂಗ್ ಮಾಡುತ್ತಿದ್ದಾಗಲೇ ಅಸ್ವಸ್ಥರಾದ ಮಾರಿಮುತ್ತು ಹೃದಯಾಘಾತದಿಂದ ತೀರಿಕೊಂಡರು.

ಇಂಥ ಹೊತ್ತಿನಲ್ಲಿ ಅಮೆರಿಕದವರ ದಾರಿ ಬೇರೆ. ತಂದೆಯ ಪಾತ್ರ ಮಾಡುತ್ತಿದ್ದ ಜಾನ್ ರಿಟ್ಟರ್ 2003ರಲ್ಲಿ ಸತ್ತಾಗ ‘ಎಯ್ಟ್ ಸಿಂಪಲ್ ರೂಲ್ಸ್’ ಕಥೆಯೊಳಗಿನ ತಂದೆಯೂ ಸತ್ತ, ಮನೆಯ ದುಃಖವೇ ಮುಂದಿನ ಕಥೆಯಾಯಿತು. ಚಾರ್ಲಿ ಶೀನ್ ಅವರನ್ನು 2011ರಲ್ಲಿ ಹೊರಗಟ್ಟಿದ ‘ಟೂ ಅಂಡ್ ಎ ಹಾಫ್ ಮೆನ್’ ಅವರ ಪಾತ್ರವನ್ನು ಕೊಂದು, ಬೇರೊಬ್ಬ ನಾಯಕನನ್ನು ತಂದು 2015ರವರೆಗೆ ನಡೆಯಿತು. ತಿರುಸೆಲ್ವಂ ಗುಣಶೇಖರನ್‌ನನ್ನು ಕೊಲ್ಲುವಂತಿರಲಿಲ್ಲ. ಅವನಿಲ್ಲದಿದ್ದರೆ ಸೊಸೆಯಂದಿರು ಎದುರಿಸುವುದಾದರೂ ಯಾರನ್ನು? ಕೆಲಕಾಲ ಪಾತ್ರವನ್ನು ತೆರೆಯಿಂದ ದೂರವಿಟ್ಟು, ಆಮೇಲೆ ಕಾದಂಬರಿಕಾರರೂ ನಟರೂ ಆದ ವೇಲ ರಾಮಮೂರ್ತಿ ಅವರನ್ನು ಅದೇ ಹೆಸರಿನಲ್ಲಿ ಕರೆತಂದರು.

ರಾಮಮೂರ್ತಿ ಸಮರ್ಥರೇ. ಗತ್ತಿಗೆ, ಕ್ರೌರ್ಯಕ್ಕೆ ಕೊರತೆಯಿರಲಿಲ್ಲ, ಕಾಣೆಯಾದದ್ದು ನಗೆ. ಮಾರಿಮುತ್ತು ಅವರ ಹಾಸ್ಯ ಸಂಭಾಷಣೆಯಲ್ಲಿ ಇರಲಿಲ್ಲ, ಉಸಿರಿನ ಏರಿಳಿತದಲ್ಲಿತ್ತು. ಅದನ್ನು ಬೇರೊಬ್ಬರಿಗೆ ಬರೆದುಕೊಡುವುದು ಹೇಗೆ? ‘ರಮಣಿ’ಯಲ್ಲಿ ನಗೆ ಇಬ್ಬರ ನಡುವೆ ಹುಟ್ಟುತ್ತಿದ್ದರೆ ಇಲ್ಲಿ ಒಬ್ಬನ ಮೈಯಲ್ಲೇ ಇತ್ತು. ಧಾರಾವಾಹಿ ನಿಲ್ಲಲಿಲ್ಲ ನಿಜ, ಆದರೆ ಅದರ ಜಾತಿ ಬದಲಾಯಿತು: ನಗಿಸುತ್ತಿದ್ದ ಕೌಟುಂಬಿಕ ಕಥೆ ಬರೀ ಹೆದರಿಸುವ ಕಥೆಯಾಯಿತು.

ನಮ್ಮ ಕನ್ನಡ ಕಿರುತೆರೆಯಲ್ಲಿ ಒಕ್ಕಣೆಗಿಂತ ಕಟ್ಟುಕಥೆಯ ಮೋಹ ಹೆಚ್ಚೇನೋ. ‘ಜೊತೆ ಜೊತೆಯಲಿ’ಯಿಂದ 2022ರಲ್ಲಿ ನಾಯಕ ನಟ ಅನಿರುದ್ಧ್ ಹೊರಬಿದ್ದಾಗ ಅಪಘಾತ, ಶಸ್ತ್ರಚಿಕಿತ್ಸೆಗಳ ನೆಪ ಹೂಡಿ ಹರೀಶ್ ರಾಜ್ ಅವರ ಮುಖವನ್ನು ಕಥೆಗೆ ಹೊಂದಿಸಬೇಕಾಯಿತು. ಅಷ್ಟು ಸರ್ಕಸ್ಸಿಗಿಂತ ಚೆನ್ನೈನ ಒಂದು ಸಾಲಿನ ಪ್ರಾಮಾಣಿಕತೆಯೇ ನನಗೆ ಮೇಲೆನಿಸುತ್ತದೆ.

‘ಎದಿರ್‌ನೀಚ್ಚಲ್’ 2024ರ ಜೂನ್‌ನಲ್ಲಿ ಮುಗಿಯಿತು. ಡಿಸೆಂಬರಿನಲ್ಲಿ ಅದರ ಮುಂದುವರಿಕೆ ಶುರುವಾದಾಗ ವೇಲ ರಾಮಮೂರ್ತಿ ಉಳಿದಿದ್ದರು. ಸೊಸೆಯಂದಿರಲ್ಲೊಬ್ಬಳಾದ ಜನನಿಯ ಪಾತ್ರದಲ್ಲಿದ್ದ ಕನ್ನಡತಿ ಮಧುಮಿತಾ ಇರಲಿಲ್ಲ, ಆ ಪಾತ್ರವೂ ಪಾರ್ವತಿ ಅವರ ಪಾಲಾಗಿತ್ತು.