ಆಯುಧದ ಹಿಡಿಯೂ ಹಿಡಿಯುವ ಕೈಯೂ

ಅರಸೀಕೆರೆಯ ಸಮೀಪದ ಮಾಲೇಕಲ್ಲು ತಿರುಪತಿಗೆ ಬಂದ ಯಾತ್ರಿಕರು ಬೇಲೂರು ಹಳೇಬೀಡುಗಳಿಗೂ ಹೋಗುವುದುಂಟು. ಅಲ್ಲಿ ಸಳನು ಮೃಗವನ್ನು ಸಂಹರಿಸುವ ಶಿಲ್ಪವನ್ನು ಕಂಡು ಮೃಗದ ಮೈಕಟ್ಟನ್ನು ಕೊಂಡಾಡುವವರು ಬಹಳ. ಆಯುಧವನ್ನು ಬಿಗಿದ ಮುಷ್ಟಿಯನ್ನು ಪರಿಶೀಲಿಸುವವರು ವಿರಳ. ಆಯುಧದ ಆಯ್ಕೆಯಲ್ಲಿ ಹಿಡಿಗೆ ಸಲ್ಲುವ ಸ್ಥಾನವೇನೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ನಮ್ಮ ಪೂರ್ವಿಕರು ಈ ವಿಷಯವನ್ನು ಉಪೇಕ್ಷಿಸಿದವರಲ್ಲ. ಕತ್ತಿಯ ಹಿಡಿಗೆ ‘ತ್ಸರು’ ಎಂಬ ಪ್ರತ್ಯೇಕ ಶಬ್ದವನ್ನು ಅಮರಕೋಶವು ಹೇಳಿದೆ. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಖಡ್ಗಮೃಗದ ಕೊಂಬು, ಕೋಣನ ಕೊಂಬು, ಆನೆಯ ದಂತ, ಮರ, ಬಿದಿರಿನ ಬುಡ, ಇವು ಹಿಡಿಗೆ ತಕ್ಕ ದ್ರವ್ಯಗಳೆಂದಿದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಐವತ್ತು ಅಂಗುಲದ ಖಡ್ಗವನ್ನು ಉತ್ತಮವೆನ್ನುತ್ತಾನೆ. ಅಂಗುಲವೆಂದರೆ ಬೆರಳಿನ ಅಳತೆಯಷ್ಟೆ. ಹಳಗನ್ನಡದ ‘ಕೈದು’ ಎಂಬ ಶಬ್ದದಲ್ಲಿಯೂ ಕೈಯೇ ಕೇಳಿಬರುತ್ತದೆ.

ಆದರೆ ಹಿಡಿಯ ಸುಖವು ಒಂದೇ ಬಗೆಯದಲ್ಲ. ಸುಮ್ಮನೆ ಹಿಡಿದಾಗ ತೋರುವ ಸುಖವನ್ನು ಧಾರಣಸುಖವೆಂದೂ, ಪ್ರಯೋಗಿಸುವಾಗ ತೋರುವುದನ್ನು ಪ್ರಯೋಗಸುಖವೆಂದೂ ವಿಂಗಡಿಸಬಹುದು. ತಳದಲ್ಲಿ ಬಿಲ್ಲೆಯುಳ್ಳ ತಲ್ವಾರಿನ ಹಿಡಿಯು ಇಂದಿನವರಿಗೆ ಇಕ್ಕಟ್ಟೆನಿಸಿ, ಹಿಂದಿನವರ ಕೈ ಚಿಕ್ಕದಾಗಿದ್ದಿತೆಂಬ ಊಹೆಗೆ ಎಡೆಗೊಟ್ಟಿದೆ. ಮುಷ್ಟಿಯನ್ನು ಒತ್ತಿ ಹಿಡಿಯುವ ಆ ಇಕ್ಕಟ್ಟೇ ಬೀಸುವಾಗ ಕತ್ತಿಯು ಜಾರದಂತೆ ಕಾಯುವುದೆಂಬುದನ್ನು ಅವರು ಗಮನಿಸಿಲ್ಲ. ಕಠಾರಿಯಲ್ಲಿ ಹಿಡಿಯು ಅಡ್ಡಪಟ್ಟಿಯಾಗಿರುವುದರಿಂದ ಅಲಗು ಮುಂಗೈಯ ನೇರಕ್ಕೆ ನಿಂತು ತಿವಿತದ ಬಲವೆಲ್ಲ ಮೊನೆಗೆ ಸೇರುತ್ತದೆ.

ಕೈಬಂದೂಕಿನಲ್ಲಿಯೂ ಇದೇ ನ್ಯಾಯ. ಟಿಪ್ಪು ಸುಲ್ತಾನನಿಗಾಗಿ (ಆಳ್ವಿಕೆ 1782–1799) ನಿರ್ಮಿತವಾದ ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಕಮಕಿಯ ಯಂತ್ರವು ಬಲಕ್ಕೂ ಇನ್ನೊಂದರದು ಎಡಕ್ಕೂ ಇರುವ ಉದಾಹರಣೆಯಿದೆ. ಎರಡು ಕೈಗಳ ಭೇದವನ್ನು ಕುಶಲಕರ್ಮಿಗಳು ಅರಿತಿದ್ದರೆಂದು ಇದರಿಂದ ಊಹಿಸಬಹುದು.

ಈಗಿನ ಪಿಸ್ತೂಲುಗಳಲ್ಲಿ ಗುಂಡಿನ ಕೋಶವು ಸಾಮಾನ್ಯವಾಗಿ ಹಿಡಿಯೊಳಗೇ ಇರುವುದರಿಂದ ಅದರ ದಪ್ಪವನ್ನು ಬೇಕಾದಷ್ಟು ತಗ್ಗಿಸಲಾಗದು. ರಿವಾಲ್ವರಿನ ಗುಂಡುಗಳು ತಿರುಗುವ ಉರುಳೆಯಲ್ಲಿರುವುದರಿಂದ ಅದರ ಹಿಡಿಯನ್ನು ಕೈಗೆ ತಕ್ಕಂತೆ ಬದಲಿಸುವುದು ಸುಲಭ. ಹಿಡಿ ಅತಿ ದಪ್ಪವಾದರೆ ಬೆರಳು ಟ್ರಿಗರಿಗೆ ಸರಿಯಾಗಿ ತಲಪದೆ ಆಯುಧವನ್ನು ಪಕ್ಕಕ್ಕೆಳೆದು ಗುರಿ ತಪ್ಪುತ್ತದೆ. ಅತಿ ಕಿರಿದಾದರೆ, ನಳಿಗೆಯು ಮುಷ್ಟಿಗಿಂತ ಮೇಲಿರುವ ಕಾರಣ, ಹಾರಿಸಿದೊಡನೆ ಮೂತಿ ಮೇಲೇಳುವುದನ್ನು ತಡೆಯುವುದು ಕಷ್ಟ.

2014ರಲ್ಲಿ ಕಾನ್ಪುರದ ಸರಕಾರೀ ಕಾರ್ಖಾನೆಯು ಸ್ತ್ರೀಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರನ್ನು ಹೊರತಂದಿತು. ಅದರ ತೂಕ ಸುಮಾರು 500 ಗ್ರಾಂ. ಲಘುತ್ವವು ಧಾರಣಸುಖಕ್ಕೆ ಸಾಧಕ. ಆದರೆ ಒಂದೇ ಗುಂಡಿಗೆ ಹಗುರವಾದ ಆಯುಧವೇ ಹೆಚ್ಚು ಹಿಂದಕ್ಕೊದೆಯುವುದರಿಂದ ಪ್ರಯೋಗಸುಖಕ್ಕೆ ಅದೇ ಬಾಧಕವಾಗಬಹುದು. ಅಂಗಡಿಯಲ್ಲಿ ಕೈಗೆತ್ತಿಕೊಂಡು ಹಿತವೆನಿಸಿದುದನ್ನೇ ಕೊಳ್ಳುವ ನಾಗರಿಕನು ಇಲ್ಲಿಯೇ ಎಡವುತ್ತಾನೆ. ಪ್ರಾಣವು ಪಣವಾಗಿರುವಾಗ ಇದು ಅಲ್ಪದೋಷವಲ್ಲ. ಕ್ರೀಡೆಯ ನಿಯಮಕಾರರೂ ಹಿಡಿಯ ಪ್ರಭಾವವನ್ನು ಬಲ್ಲರು. ಹತ್ತು ಮೀಟರಿನ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಅಂಗೈಗೆ ಹೊಂದುವಂತೆ ಹಿಡಿಯನ್ನು ಕೊರೆಯಬಹುದು. ಅದು ಕೈಯನ್ನು ಸುತ್ತುವರಿಯಬಾರದು. ಆಯುಧವೆಲ್ಲವೂ 420×200×50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಅಡಗಬೇಕು.

ಆದಕಾರಣ, ಹಿಡಿಯ ಸುಖದಿಂದ ಆಯುಧವನ್ನಾರಿಸುವ ರೂಢಿಯು ಯುಕ್ತವೇ ಸರಿ. ಆ ಸುಖವು ಪ್ರಯೋಗದಲ್ಲಿ ಪರೀಕ್ಷಿತವಾಗಿರಬೇಕೆಂಬುದೇ ವಿಶೇಷ. ತ್ಸರುವೆಂಬ ಶಬ್ದಕ್ಕೆ ‘ಹಿಡಿ’ ಎಂದು ಅರ್ಥ ಹೇಳಿ ಮುಂದೆ ಸಾಗುವ ಅಧ್ಯಾಪಕರು, ಆ ಹಿಡಿಯನ್ನು ಹಿಡಿದ ಕೈಯನ್ನೂ ಒಮ್ಮೆ ವಿದ್ಯಾರ್ಥಿಗಳಿಗೆ ತೋರಿಸುವುದು ಒಳಿತು.