ಬಟ್ಟೆ ಹೊದ್ದ ಪುಷ್ಪಕ

ಹಗುರ ವಿಮಾನಗಳ ಚರಿತ್ರೆಯೆಂದರೆ ಪರದೇಶದ ಸಿರಿವಂತರ ವಿನೋದದ ಚರಿತ್ರೆಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಬೆಂಗಳೂರಿನ ಮಟ್ಟಿಗೆ ಈ ಮಾತು ಸಲ್ಲದು. ಇಬ್ಬರು ಕುಳಿತು ಹಾರುವ, ಹೊಸದಾಗಿ ಕಲಿಯುವವರ ಕೈಗೆ ಧೈರ್ಯವಾಗಿ ಕೊಡಬಹುದಾದ ಪುಟ್ಟ ವಿಮಾನ ಅಲ್ಲಿ ಹುಟ್ಟಿತು, ಮರೆಯಾಯಿತು, ಬೇರೊಂದು ಹೆಸರಿನಲ್ಲಿ ಮತ್ತೆ ಹುಟ್ಟಿತು. ಅದಕ್ಕೆ ಸ್ವಂತ ಮನೆಯೊಂದು ಮಾತ್ರ ದೊರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷ ಅಲ್ಲಿಂದ ಮೇಲೆದ್ದ ಮೊದಲ ವಿಮಾನ ಹಾರ್ಲೋ ಎಂಬ ಅಮೆರಿಕನ್ ಮಾದರಿಯದು. ಅದೂ ತರಬೇತಿಯ ವಿಮಾನವೇ. ಯುದ್ಧದ ಒತ್ತಡದಲ್ಲಿ 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ವಹಿಸಿಕೊಂಡ ಮೇಲೆ ರಿಪೇರಿಯೇ ಅಲ್ಲಿನ ಮುಖ್ಯ ಕೆಲಸವಾಯಿತು. ಸ್ವಂತ ವಿನ್ಯಾಸದ ಕಾಲ ಬಂದದ್ದು ವಿ. ಎಂ. ಘಾಟಗೆಯವರಿಂದ. ಜರ್ಮನಿಯ ಗಟಿಂಗನ್ನಿನಲ್ಲಿ ಪ್ರಾಂಟಲ್ ಅವರ ಬಳಿ ಕಲಿತು ಬಂದ ಆ ವಿದ್ವಾಂಸರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು.

ಆದರೆ ನನ್ನ ಮನಸ್ಸು ನಿಲ್ಲುವುದು 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿದ ಪುಷ್ಪಕದ ಮೇಲೆ. ಅಮೆರಿಕದ ಏರೋಂಕಾ ಚೀಫ್ ವಿಮಾನಕ್ಕೆ ಅದು ಹತ್ತಿರದ ನೆಂಟ. ತಲೆಯ ಮೇಲೆ ರೆಕ್ಕೆ, ಅಕ್ಕಪಕ್ಕದಲ್ಲಿ ಎರಡು ಆಸನ, ಮುಂದೆ 90 ಅಶ್ವಶಕ್ತಿಯ ಎಂಜಿನ್ನು. ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತೆಂಬ ರಾಮಾಯಣದ ಪುಷ್ಪಕದ ಹೆಸರನ್ನು ಈ ಇಬ್ಬರ ವಿಮಾನಕ್ಕೆ ಇಟ್ಟವರು ರಸಿಕರಿರಬೇಕು! ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಅದರ ಒಡಲಿನ ಮೇಲೆ ಬಟ್ಟೆಯ ಹೊದಿಕೆ. ಹೊದಿಸಿದ ಬಟ್ಟೆಗೆ ಡೋಪ್ ಎಂಬ ದ್ರಾವಣವನ್ನು ಹಲವು ಸಲ ಬಳಿಯುತ್ತಾರೆ. ಅದು ಒಣಗುತ್ತ ಬಟ್ಟೆಯನ್ನು ಸೆಳೆದು ಬಿಗಿಮಾಡುತ್ತದೆ. ನಾನು ಹರವೆಯವನು. ನಮ್ಮ ಸೀಮೆಯಲ್ಲಿ ಕುಣಿತಕ್ಕೆ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿಸುವುದನ್ನು ನೋಡಿದವರಿಗೆ ಈ ಕೆಲಸದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿದರೆ ತೇಪೆ ಹಾಕಿ ಮತ್ತೆ ಹಾರಿಸಬಹುದಾದ ಇಂಥ ಯಂತ್ರ ಹಾರಾಟ ಸಂಘಗಳ ಬಡ ಬೊಕ್ಕಸಕ್ಕೆ ಒಪ್ಪುವಂಥದು.

ಸುಮಾರು 160 ಪುಷ್ಪಕಗಳು ತಯಾರಾದವು. ಅದನ್ನೇ ಹಿಗ್ಗಿಸಿ ಸೈನ್ಯದ ವೀಕ್ಷಣೆಗಾಗಿ ಕೃಷಕ್ ವಿಮಾನವನ್ನು ಮಾಡಿದರು. ಆದರೆ ಅದೇ ಕಾರ್ಖಾನೆಯಿಂದ 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿತ್ತು. 1964ರಲ್ಲಿ ಕಿರಣ್ ಜೆಟ್ ಬಂದಿತು. ದೇಶಕ್ಕೆ ಯುದ್ಧಗಳ ಕಾಲ ಅದು. ಆ ಆಯ್ಕೆಯನ್ನು ನಾನು ಹಳಿಯಲಾರೆ. ಜೆಟ್ಟುಗಳ ಸದ್ದಿನ ನಡುವೆ ಬಟ್ಟೆಯ ವಿಮಾನ ಆ ಅಂಗಳದಲ್ಲಿ ಮಲಮಗುವಾಯಿತೆಂದಷ್ಟೇ ಹೇಳುತ್ತೇನೆ. ಅದರ ತಯಾರಿಕೆ ನಿಂತುಹೋಯಿತು.

ಎರಡನೆಯ ಹುಟ್ಟು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ. 1993ರಲ್ಲಿ ಹಾರಿದ ‘ಹಂಸ’ಕ್ಕೂ ಎರಡೇ ಆಸನ, ಬಟ್ಟೆಗೆ ಬದಲಾಗಿ ಗಾಜಿನ ನಾರು ಮತ್ತು ರಾಳದ ಮೈ. 2000ದಲ್ಲಿ ಅದಕ್ಕೆ ಪ್ರಮಾಣಪತ್ರ ದೊರೆಯಿತು. ಪ್ರಯೋಗಾಲಯವೆಂದರೆ ಕಾರ್ಖಾನೆಯಲ್ಲವಷ್ಟೆ. ತಯಾರಿಕೆಗೆ ಗಡಿಯಾಚೆಯ ಹೊಸೂರಿನ ತನೇಜಾ ಏರೋಸ್ಪೇಸ್ ಕೈಜೋಡಿಸಿತು. ಇಟಲಿಯ ಪಿ-68 ಲಘುವಿಮಾನವನ್ನು ಪರವಾನಗಿ ಪಡೆದು ಕಟ್ಟಿದ್ದ ಖಾಸಗಿ ಸಂಸ್ಥೆ ಅದು. ಆದರೂ ಹಂಸಗಳ ಸಂಖ್ಯೆ ಎರಡು ಡಜನ್ನನ್ನು ಮುಟ್ಟಲಿಲ್ಲ. ಸಂಸ್ಥೆಯೂ ಕ್ರಮೇಣ ಬಿಡಿಭಾಗ, ದುರಸ್ತಿಗಳ ಕಡೆಗೆ ಹೊರಳಿತು.

ವಿಚಿತ್ರವೆಂದರೆ, 2004ರಲ್ಲಿ ಅಮೆರಿಕವು ‘ಲಘು ಕ್ರೀಡಾ ವಿಮಾನ’ವೆಂಬ ಹೊಸ ವರ್ಗವನ್ನು ರೂಪಿಸಿ, ಎರಡು ಆಸನ, 600 ಕಿಲೋ ತೂಕವೆಂದು ಮಿತಿ ಹಾಕಿದಾಗ ಪುಷ್ಪಕದ ನೆಂಟನಾದ ಹಳೆಯ ಚೀಫ್ ವಿಮಾನ ಅದರೊಳಗೆ ಹೊಂದಿಕೊಂಡಿತು. ಹೊಸ ವರ್ಗದ ಸುತ್ತ ಅಲ್ಲಿ ಸಣ್ಣ ಸಣ್ಣ ತಯಾರಕರು ಬೆಳೆದರು. ನಮ್ಮಲ್ಲಿ ಪುಷ್ಪಕದ ಜಾಗ ಬರಿದಾಗಿತ್ತು. ಹಂಸದ ಹೊಸ ಅವತಾರ ಬೆಂಗಳೂರಿನಲ್ಲಿ 2021ರ ಸೆಪ್ಟೆಂಬರ್ 3ರಂದು ಹಾರಿತು. 2025ರಲ್ಲಿ ಅದರ ತಯಾರಿಕೆಯ ಪರವಾನಗಿ ಮುಂಬಯಿಯ ಖಾಸಗಿ ಕಂಪನಿಯೊಂದರ ಪಾಲಾಯಿತು.